ಸುಬ್ರಹ್ಮಣ್ಯ ಕಲಿಸಿದ ರೋಲ್

ಸುಬ್ರಹ್ಮಣ್ಯನನ್ನು ನಂಬಿ ಕೆಟ್ಟೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಪಡಬೇಕಾದವನು ಅವನು.

ಎಂಬತ್ತರ ಸುಮಾರಿಗೆ ಕೋಲಾರದ ನಮ್ಮ ಕಾಲೇಜಿಗೆ ಒಂದು ಕಯಾಕ್ ಬಂತು. ಕಾಲು ಚಾಚಿ, ಸೊಂಟದವರೆಗೆ ಒಳಗೆ ತೂರಿಕೊಂಡು ಕೂರುವ ಪುಟ್ಟ ದೋಣಿ. ಮಗುಚಿಕೊಂಡಾಗ ಅದನ್ನು ಬಿಟ್ಟು ಈಚೆ ಬಂದರೆ ಸೋತಂತೆ. ತಲೆಕೆಳಗಾಗಿದ್ದುಕೊಂಡೇ ಹುಟ್ಟು ಬೀಸಿ ದೋಣಿ ಸಮೇತ ಮೇಲೇಳಬೇಕು. ಇದಕ್ಕೆ ರೋಲ್ ಎನ್ನುತ್ತಾರೆ. ಅದನ್ನು ಕಲಿಸುವ ಬೇಸಿಗೆ ಶಿಬಿರಕ್ಕೆ ಕಾಲೇಜಿನಿಂದ ಒಬ್ಬನಿಗೆ ಮಾತ್ರ ಅವಕಾಶ. ಹೆಸರು ಬಂದದ್ದು ನನ್ನದು. ಆದರೆ ಹುತ್ತೂರಿನ ನಮ್ಮ ಮನೆಯಲ್ಲಿ ಆಗ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು.

"ಹುಳ ಬಿಟ್ಟು ಎಲ್ಲಿಗ್ಲಾ ಹೋಗ್ತೀಯ?" ಎಂದಳು ಅಮ್ಮ.

ನನ್ನ ಜಾಗವನ್ನು ಸುಬ್ರಹ್ಮಣ್ಯನಿಗೆ ಬಿಟ್ಟುಕೊಟ್ಟೆ. ಮುಳಬಾಗಿಲಿನ ಶಾನುಭೋಗರ ಮನೆಯ ಹುಡುಗ, ನನ್ನ ಜೀವದ ಗೆಳೆಯ.

"ನಾನು ಕಲ್ತು ಬಂದು ನಿಂಗೂ ಕಲಿಸ್ತೀನಿ ಕಣೋ ಕದಿರೇಶ" ಎಂದ.

ಕಲಿಸಿದ. ಈಗ ಹೊಟ್ಟೆ ಉರಿಸುವುದೇ ಅದು. ಭಾನುವಾರ ಬಂತೆಂದರೆ ಬಸ್ಸು ಹಿಡಿದು ಬಂದು, ಕಾಲೇಜಿನಿಂದ ಕೇಳಿ ತಂದು ನಮ್ಮ ಹುಳುಮನೆಯ ಗೋಡೆಗೆ ಒರಗಿಸಿಟ್ಟಿದ್ದ ದೋಣಿಯನ್ನು ನನ್ನ ಜೊತೆ ಕೆರೆಗೆ ಹೊರುತ್ತಿದ್ದ.

"ಮೊದ್ಲು ತಲೆ ಎತ್ತು. ಉಸಿರು ಸಿಕ್ತು ಅಂದ್ರೆ ಮಿಕ್ಕಿದ್ದು ನಿನ್ನ ತೋಳೇ ನೋಡ್ಕೊಳ್ಳುತ್ತೆ. ಇಂಥ ತೋಳು ಯಾರಿಗಿದೆ ಹೇಳು?"

ಬೆಣ್ಣೆ ಹಚ್ಚಿದರೆ ಯಾರಿಗೆ ಬೇಡ? ನಿಂತ ನೀರಿನಲ್ಲಿ ಎದ್ದೆ. ಪ್ರತಿ ಸಲವೂ ಎದ್ದೆ. ದಡದಲ್ಲಿ ನಿಂತು ಭೇಷ್ ಎನ್ನುತ್ತಿದ್ದ ಮಹಾನುಭಾವ.

ಆ ವರ್ಷ ಮಳೆ ಜೋರಾಗಿ ಕೆರೆ ಕೋಡಿ ಬಿತ್ತು. ನದಿಯಲ್ಲಿ ದೋಣಿಯಾತ್ರೆ ಹೋಗುವ ತಂಡಕ್ಕೆ ನಮ್ಮಿಬ್ಬರಲ್ಲಿ ಒಬ್ಬನನ್ನು ಆರಿಸಲು ಬೆಂಗಳೂರಿನಿಂದ ತರಬೇತುದಾರರು ಬಂದರು. ಕೋಡಿಯ ಕೆಳಗೆ ನೊರೆಗಟ್ಟಿ ಕುದಿಯುತ್ತಿದ್ದ ನೀರು ನೋಡಿ, ಪರೀಕ್ಷೆ ಇಲ್ಲೇ ಆಗಲಿ ಎಂದರು. ಆ ತಂಡ ಸೇರಬೇಕೆನ್ನುವುದನ್ನು ಬಿಟ್ಟು ನನಗೆ ಬೇರೆ ಆಸೆಯೇ ಇರಲಿಲ್ಲ.

ಮೊದಲು ನಾನು ಇಳಿದೆ. ಮಗುಚಿದೆ. ತಲೆ ಎತ್ತಿದೆ, ಅರ್ಧ ಉಸಿರು ಸಿಗುವಷ್ಟರಲ್ಲಿ ದೋಣಿ ಮತ್ತೆ ಬೋರಲಾಯಿತು. ಇನ್ನೊಮ್ಮೆ ಎತ್ತಿದೆ. ತೋಳು ಕಿತ್ತುಬರುವಂತಾಯಿತು. ಕೊನೆಗೆ ದೋಣಿಯಿಂದ ನುಸುಳಿ ಹೊರಬಿದ್ದವನನ್ನು ಹಗ್ಗ ಎಸೆದು ದಡಕ್ಕೆಳೆದರು.

ದೋಣಿಯ ನೀರು ಸುರಿದು ಸುಬ್ರಹ್ಮಣ್ಯ ಇಳಿದ. ಅದೇ ನೊರೆಯಲ್ಲಿ ಮಗುಚಿದ. ಸೊಂಟ ತಿರುಚಿದ ರಭಸಕ್ಕೆ ಮೊದಲು ದೋಣಿ ಹೊರಳಿತು, ಹಿಂದೆಯೇ ಎದೆ ಬಂತು, ಕಟ್ಟಕಡೆಗೆ, ಭುಜಕ್ಕೆ ಒರಗಿಕೊಂಡೇ, ತಲೆ. ನನ್ನ ಮೈಯೆಲ್ಲ ಉರಿಯಿತು. ತಲೆ ಕಡೆಗೆ ಏಳಬೇಕೆಂದು ಅವನಿಗೆ ಮೊದಲಿಂದಲೂ ಗೊತ್ತಿತ್ತು.

ತರಬೇತುದಾರರು ನನ್ನ ಕಡೆ ತಿರುಗಿದರು. "ತಲೆ ಮೊದ್ಲು ಎತ್ತಿದ್ರೆ ಇಂಥ ನೀರಲ್ಲಿ ಯಾವನೂ ಏಳಲ್ಲ. ಯಾರಯ್ಯ ನಿಂಗೆ ಹೇಳ್ಕೊಟ್ಟಿದ್ದು?"

ಬಾಯಿ ತೆರೆದೆ. ಕೆಮ್ಮು ಬಂತು, ಕುಡಿದ ನೀರು ಬಂತು.

ಸುಬ್ರಹ್ಮಣ್ಯ ಪಕ್ಕಕ್ಕೆ ಬಂದು ಮೆತ್ತಗೆ ನನ್ನ ಬೆನ್ನು ಸವರಿದ.

"ನಾನು ಎಷ್ಟು ಬಡ್ಕೊಂಡ್ರೂ ಕೇಳಲ್ಲ ಸಾರ್ ಇವ್ನು. ತೋಳಿದೆ ಅಂತ ಜಂಬ."