ಎಡ ಹಿಂದಿನ ಚಕ್ರ

"ಸ್ವಲ್ಪ ಓರೆ ಮಾಡಿ, ಓರೆ. ಅಲ್ಲೊಂದು ತಿರುವಿದೆ," ಎಂದು ಸತ್ತವನ ಅಳಿಯ ಮೇಲಿನಿಂದ ಹೇಳುತ್ತಿದ್ದ. ಮೂರನೆಯ ಮಹಡಿಯಿಂದ ಪೆಟ್ಟಿಗೆ ಇಳಿಯುತ್ತಿತ್ತು. ಹಿಂದಿನ ಎಡಗಡೆಯ ಹಿಡಿಕೆ, ಎಡಬದಿ ಎಂದೇ ಎಲ್ಲರೂ ಕರೆಯುವ ಗೆಳೆಯನ ಕೈಯಲ್ಲಿತ್ತು. ಎಪ್ಪತ್ತೊಂದು ವರ್ಷದ ಮುದುಕನಿಗೆ ಈ ಉಸಾಬರಿ ಯಾಕೆ ಎಂದು ನಾಲ್ಕು ಜನ ಹೇಳಿದ್ದರು. ಅವನು ಯಾರ ಮಾತನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಚಿಕ್ಕಪ್ಪ, ನೀವು ಬಿಡಿ. ಮಂಡಿನೋವು ಅಂತೀರ," ಎಂದಳು ಸತ್ತವನ ಮಗಳು.

"ಇದು ನನ್ನ ಕಡೆ ಕಣಮ್ಮ. ನಾನೇ ಹಿಡೀಬೇಕು."

ಕಾರಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸತ್ತವನೂ ಇವನೂ ಎದುರುಬದುರು ನಿಂತು ಕೆಲಸ ಮಾಡಿದವರು. ಸಾಲಿನಲ್ಲಿ ತೆವಳಿಕೊಂಡು ಬರುವ ಪ್ರತಿ ಕಾರಿನ ಎಡಗಡೆಯ ಎರಡು ಚಕ್ರ ಇವನ ಪಾಲು, ಬಲಗಡೆಯ ಎರಡು ಅವನ ಪಾಲು. ಅದಕ್ಕೇ ಇವನು ಎಡಬದಿ, ಅವನು ಬಲಬದಿ. ಅಪ್ಪ ಅಮ್ಮ ಇಟ್ಟ ಹೆಸರುಗಳು ಹಾಜರಿ ಪುಸ್ತಕದಲ್ಲೇ ಉಳಿದುಹೋಗಿದ್ದವು. ಬಲಬದಿಯ ಹೆಂಡತಿ ಬದುಕಿದ್ದಾಗ, ಹಾಸಿಗೆಯಲ್ಲೂ ಬಲಗಡೆ ಬಿಟ್ಟುಕೊಡೋದಿಲ್ಲ ಈ ಮಹಾರಾಯ ಎಂದು ನಗುತ್ತಿದ್ದಳು.

ಕೆಳಗೆ ಅಂಗಳದಲ್ಲಿ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟರು. ವ್ಯಾನು ಇನ್ನೂ ಬಂದಿರಲಿಲ್ಲ. ಕಾರ್ಖಾನೆಯ ಹಳಬರು ಏಳೆಂಟು ಜನ ಗೋಡೆಯ ನೆರಳು ಹಿಡಿದು ನಿಂತಿದ್ದರು.

"ಕೆಲಸದಲ್ಲಿ ಅವನ ಮುಂದೆ ಇನ್ನೊಬ್ಬ ಇರ್ಲಿಲ್ಲ ಬಿಡಿ," ಎಂದ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ ಪೇಂಟು ಶಾಪಿನವನು. "ಕೊನೇಲಿ ಯಾಕೋ ತಲೆ ಒಂಚೂರು ಹಾಗಾಯ್ತು. ಹೋದ ವರ್ಷ ಆಸ್ಪತ್ರೆ ಮುಂದೆ ಯಾರದೋ ಬಿಳಿ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಚಕ್ರ ಸವರ್ತಿದ್ದ. ಕಾರಿನೋನು ಕಳ್ಳ ಅಂತ ಕುತ್ತಿಗೆಪಟ್ಟಿ ಹಿಡ್ಕೊಂಡಿದ್ದ. ನಾನೇ ಹೋಗಿ ಬಿಡಿಸ್ದೆ."

"ನಮ್ಮ ಬೀದೀಲೂ ಬಂದಿದ್ದ. ಮಕ್ಕಳು ಚಕ್ರದಜ್ಜ ಅಂತ ಹಿಂದೆ ಬಿದ್ದಿದ್ವು."

"ಪಾಪ. ಹುಚ್ಚಲ್ಲೂ ಎಷ್ಟು ಥರ."

ಮಗಳು ಇದನ್ನೆಲ್ಲ ಕೇಳಿಸಿಕೊಂಡಳು. ಎಡಬದಿಯ ತೋಳು ಹಿಡಿದು ಮೆಟ್ಟಿಲಿನ ಕೆಳಗೆ, ಸೈಕಲ್ಲುಗಳನ್ನು ನಿಲ್ಲಿಸುವಲ್ಲಿಗೆ ಕರೆದುಕೊಂಡು ಹೋದಳು. ಬಗಲಚೀಲದಿಂದ ಒಂದು ದಪ್ಪ ನೋಟ್‌ಪುಸ್ತಕ ತೆಗೆದಳು.

"ಅಪ್ಪನ ದಿಂಬಿನ ಕೆಳಗಿತ್ತು. ಹನ್ನೊಂದು ವರ್ಷದ್ದು. ಓದಿ."

ಎಡಬದಿ ಕನ್ನಡಕ ಹಾಕಿಕೊಂಡ. ಪ್ರತಿ ಸಾಲಿನಲ್ಲೂ ಒಂದು ತಾರೀಕು, ಒಂದು ಜಾಗ, ಒಂದು ಕಾರಿನ ನಂಬರು. ಮುಂದೆ ಅದೇ ಮಾತು: 'ಬಿಳಿ. ಎಡ ಹಿಂದೆ. ಐದೂ ಬಿಗಿ.' ಸಂತೆ ಮೈದಾನ, ಐದೂ ಬಿಗಿ. ರೈಲು ನಿಲ್ದಾಣ, ಐದೂ ಬಿಗಿ. ಪುಟ ತಿರುವಿದರೂ ಅದೇ.

"ಅಪ್ಪ ಬಲಗಡೆಯೋರು," ಎಂದಳು ಮಗಳು. "ಜೀವಮಾನವೆಲ್ಲ ಬಲಗಡೆ ಚಕ್ರ ಹಾಕ್ದೋರು ಎಡಗಡೆ ಏನು ಹುಡುಕ್ತಿದ್ರು, ಚಿಕ್ಕಪ್ಪ? ಅದೂ ಹಿಂದಿನ ಚಕ್ರ ಒಂದೇ. ನಿಮಗೆ ಗೊತ್ತಿರಬೇಕು. ಇನ್ನೊಂದು ಗಂಟೇಲಿ ಅವರನ್ನ ಮಣ್ಣು ಮಾಡ್ತೀವಿ. ಹುಚ್ಚ ಅನ್ನಿಸ್ಕೊಂಡೇ ಹೋಗ್ಬೇಕಾ ನಮ್ಮಪ್ಪ?"

ಎಡಬದಿ ಮತ್ತೆ ಮೊದಲ ಪುಟಕ್ಕೆ ತಿರುವಿದ.

*

ಮೂವತ್ತು ವರ್ಷದ ಹಿಂದೆ ಕಂಪನಿಗೆ ಮೂರು ದೇಶಗಳಲ್ಲಿ ಮೂರು ಕಾರ್ಖಾನೆಗಳಿದ್ದವು. ಪೆಟ್ರೋಲಿನ ಬೆಲೆ ಏರಿತು, ದೊಡ್ಡ ಕಾರು ಕೇಳುವವರು ಕಮ್ಮಿಯಾದರು, ಎಲ್ಲಿಂದಲೋ ಪುಟ್ಟ ಕಾರುಗಳು ಹಡಗುಗಟ್ಟಲೆ ಬಂದಿಳಿಯತೊಡಗಿದವು. ಮೂರರಲ್ಲಿ ಒಂದನ್ನು ಮುಚ್ಚುವುದೆಂದು ಸಮುದ್ರದಾಚೆ ಕೂತ ದೊಡ್ಡವರು ತೀರ್ಮಾನಿಸಿದರು. ಯಾವುದನ್ನು ಅಂದರೆ, ಆ ತಿಂಗಳಲ್ಲಿ ಯಾವ ಕಾರ್ಖಾನೆಯ ಸಾಲು ಹೆಚ್ಚು ಹೊತ್ತು ನಿಲ್ಲುತ್ತದೋ ಅದನ್ನು. ಎಂಥ ಲೆಕ್ಕ ನೋಡಿ. ಸಾಲಿನುದ್ದಕ್ಕೂ ತಲೆಯ ಮೇಲೊಂದು ಹಗ್ಗ ಹಾದುಹೋಗಿತ್ತು. ತಪ್ಪು ಕಂಡವನು ಅದನ್ನು ಎಳೆದರೆ ಸಾಲು ನಿಲ್ಲಬೇಕು, ತಪ್ಪು ಸರಿಯಾದ ಮೇಲೆ ಹೊರಡಬೇಕು. ಅದಕ್ಕೆಂದೇ ಕಟ್ಟಿದ ಹಗ್ಗ. ಈ ತಿಂಗಳು ಹಗ್ಗ ಮುಟ್ಟುವುದು ಬೇಡ ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ಮಾತಾಡಿಕೊಂಡರು. ಅದು ತಪ್ಪು ಅನ್ನುವ ಧೈರ್ಯ ಒಬ್ಬನಿಗೂ ಬರಲಿಲ್ಲ. ಎಲ್ಲರಿಗೂ ಮನೆಯಿತ್ತು, ಮಕ್ಕಳಿದ್ದರು.

ಚಕ್ರದ ಕೆಲಸ ಕಣ್ಣು ಮುಚ್ಚಿ ಮಾಡುವಂಥದ್ದು. ಐದು ನಟ್ಟುಗಳನ್ನು ಬೆರಳಿನಿಂದ ಕೂರಿಸಬೇಕು. ಗಾಳಿ ಗನ್ನಿನಿಂದ ಬಿಗಿಯಬೇಕು. ಬಿಗಿದಾಯಿತು ಎಂಬುದಕ್ಕೆ ನಟ್ಟಿಗೊಂದರಂತೆ ಹಳದಿ ಬಣ್ಣದ ಗೀಟು ಎಳೆಯಬೇಕು. ಎರಡೂ ಚಕ್ರ ಮುಗಿದ ಮೇಲೆ ಕಾರಿನ ತಲೆಗೆ ಎರಡು ಸಲ ತಟ್ಟಬೇಕು. ನನ್ನದಾಯಿತು, ನಿನ್ನದು? ಆಚೆಯಿಂದಲೂ ಎರಡು ತಟ್ಟು ಬಂದರೆ ಮುಂದಿನ ಕಾರು. ಈ ತಟ್ಟು ಯಾವ ನಿಯಮದಲ್ಲೂ ಇರಲಿಲ್ಲ. ಇಬ್ಬರೂ ತಾವೇ ಮಾಡಿಕೊಂಡದ್ದು.

ಅವತ್ತು ಬಿಳಿ ಕಾರೊಂದರ ಹೊತ್ತಿಗೆ ಎಡಬದಿಯ ಗನ್ನಿನ ಕೊಳವೆ ಮಡಚಿ ಸಿಕ್ಕಿಕೊಂಡಿತು. ಬಿಡಿಸುವಷ್ಟರಲ್ಲಿ ಕಾರು ಮುಂದೆ ಜರುಗಿತ್ತು. ಅವಸರದಲ್ಲಿ ಕೈ ತನ್ನ ಪಾಡಿಗೆ ತಾನು ಗೀಟು ಎಳೆಯಿತು, ತಲೆಗೆ ಎರಡು ತಟ್ಟಿತು. ಹಿಂದಿನ ಚಕ್ರಕ್ಕೆ ಗನ್ನು ಹಿಡಿದಿರಲೇ ಇಲ್ಲ. ಬಲಗಡೆಯಿಂದ ಎರಡು ತಟ್ಟು ಬಂದವು. ಒಂದು ಉಸಿರು ತಡವಾಗಿ ಬಂದವು.

ಮೂರು ಕಾರು ದಾಟಿದ ಮೇಲೆ ಎಡಬದಿಗೆ ಹೊಳೆಯಿತು. ಹಳದಿ ಗೀಟು ಇದ್ದ ಚಕ್ರವನ್ನು ಮುಂದೆ ಯಾರೂ ಮುಟ್ಟುವುದಿಲ್ಲ. ಹಗ್ಗ ತಲೆಯ ಮೇಲೇ ಇತ್ತು. ಅವನು ಕೈಯೆತ್ತಿದ. ಎತ್ತಿದ ಕೈಯಿಂದ ಹಣೆಯ ಬೆವರು ಒರೆಸಿಕೊಂಡ.

ಕಾರ್ಖಾನೆ ಉಳಿಯಿತು. ಇನ್ಯಾವುದೋ ದೇಶದ್ದು ಮುಚ್ಚಿತು. ಒಂಬತ್ತು ವರ್ಷ ಕಳೆದು ಇದೂ ಮುಚ್ಚಿತು. ಕೂಲಿ ಅಗ್ಗವಿದ್ದ ಕಡೆಗೆ ಕೆಲಸ ಹೋಯಿತು. ಅಲ್ಲಿ ಐದು ನಟ್ಟುಗಳನ್ನೂ ಒಂದೇ ಏಟಿಗೆ ಬಿಗಿಯುವ ಯಂತ್ರವಿದೆಯಂತೆ. ಆ ಬಿಳಿ ಕಾರು ಎಲ್ಲಿಗೆ ಹೋಯಿತೋ, ಅದರಲ್ಲಿ ಯಾರು ಕೂತರೋ ದೇವರಿಗೇ ಗೊತ್ತು. ಪತ್ರಿಕೆಯಲ್ಲಿ ಅಪಘಾತದ ಚಿತ್ರ ಕಂಡರೆ ಎಡಬದಿ ಮೊದಲು ಕಾರಿನ ಬಣ್ಣ ನೋಡುತ್ತಿದ್ದ. ಬೇರೆ ಬಣ್ಣದ್ದಾದರೆ ಸಮಾಧಾನವಾಗುತ್ತಿತ್ತು. ಆ ಸಮಾಧಾನಕ್ಕೆ ತನ್ನ ಮೇಲೇ ಹೇಸಿಗೆಯೂ ಆಗುತ್ತಿತ್ತು.

*

"ಕೊನೇ ಪುಟ ನೋಡಿ," ಎಂದಳು ಮಗಳು.

'ಬಿಳಿ. ಗುಜರಿ ಅಂಗಡಿ. ಎಡ ಹಿಂದೆ. ಐದೂ ಬಿಗಿ. ನಮ್ಮ ಕಾರ್ಖಾನೆಯದು ಊರಲ್ಲಿ ಇನ್ನು ಒಂದೂ ಉಳಿದಿಲ್ಲ. ಅವನಿಗೆ ಹೇಳಬೇಕು, ಪಾಪ.'

ತಾರೀಕು ಮೂರು ವಾರದ ಹಿಂದಿನದು.

ಆ ದಿನ ಮಧ್ಯಾಹ್ನ ಎಡಬದಿ ಕಿಟಕಿಯ ಹತ್ತಿರ ಕೂತಿದ್ದ. ಬಲಬದಿ ಬೀದಿಯ ತುದಿಯಿಂದ ನಿಧಾನವಾಗಿ ಬರುವುದು ಕಂಡಿತ್ತು. 'ಮಲಗಿದಾರೆ ಅಂತ ಹೇಳು' ಎಂದು ಹೆಂಡತಿಗೆ ಹೇಳಿ ಒಳಕೋಣೆಗೆ ಹೋಗಿದ್ದ. ಬಾಗಿಲಲ್ಲಿ ಬಲಬದಿಯ ದನಿ ಕೇಳಿಸಿತ್ತು: 'ಎಬ್ಬಿಸ್ಬೇಡಿ ಅಕ್ಕ. ನಿದ್ದೆ ಮಾಡ್ಲಿ. ಇನ್ನೊಂದು ದಿನ ಬರ್ತೀನಿ.' ಬರಲಿಲ್ಲ.

ಗೊತ್ತಿತ್ತು ಬಲಬದಿಗೆ. ಎಲ್ಲವೂ ಗೊತ್ತಿತ್ತು. ಎಡಬದಿ ಪುಸ್ತಕ ಮುಚ್ಚಿ ಮಗಳ ಕೈಗೆ ಕೊಟ್ಟ.

"ನಿಮ್ಮಪ್ಪ ತನ್ನದೇನೂ ಹುಡುಕ್ತಿರ್ಲಿಲ್ಲ ಕಣಮ್ಮ," ಎಂದ. "ನಾನು ಕಳ್ಕೊಂಡಿದ್ದನ್ನ ಹುಡುಕ್ತಿದ್ದ."

ಆಮೇಲೆ ಎಲ್ಲ ಹೇಳಿದ. ಹಗ್ಗ, ಹಳದಿ ಗೀಟು, ತಟ್ಟು, ಏನನ್ನೂ ಬಿಡಲಿಲ್ಲ. "ಎಡಗಡೆಯಿಂದ ಗನ್ನಿನ ಸದ್ದು ಮುಂದಿನ ಚಕ್ರಕ್ಕೆ ಮಾತ್ರ ಬಂದಿದ್ದು ಅವನಿಗೆ ಕೇಳಿಸಿತ್ತು. ಅದಕ್ಕೇ ತಡವಾಗಿ ತಟ್ಟಿದ. ಹಗ್ಗ ಎಳೆದಿದ್ರೆ ನನ್ನ ಹೆಸರು ಬರ್ತಿತ್ತು. ಎಲ್ಲರ ಅನ್ನವೂ ಹೋಗ್ತಿತ್ತು."

ಮಗಳು ಪುಸ್ತಕದ ರಟ್ಟು ಸವರಿದಳು.

"ಅಪ್ಪನ್ನ ಡಾಕ್ಟರಿಗೆ ತೋರಿಸು ಅಂತ ನನಗೆ ಹೇಳ್ದೋರು ಯಾರು?"

"ನಾನೇ."

"ತಲೆ ಕೆಡ್ತಾ ಇದೆ ಕಣಮ್ಮ, ಹೊರಗೆ ಬಿಡ್ಬೇಡ ಅಂದೋರು?"

"ನಾನೇ."

"ನಾಲ್ಕು ವರ್ಷ ಮಾತ್ರೆ ನುಂಗಿಸ್ದೆ. ಮಾತ್ರೆ ತಗೊಂಡ ದಿನ ನಡೆಯೋಕೂ ಆಗ್ತಿರ್ಲಿಲ್ಲ ಅವರಿಗೆ. ಬಾಗಿಲಿಗೆ ಬೀಗ ಹಾಕಿದೀನಿ ಚಿಕ್ಕಪ್ಪ, ನಮ್ಮಪ್ಪನ್ನ ಒಳಗೆ ಬಿಟ್ಟು."

ಗೆಳೆಯ ಬಿಳಿ ಕಾರುಗಳ ಪಕ್ಕ ಕೂರುವುದನ್ನು ನೋಡಿದ ಮೊದಲ ದಿನವೇ ಎಡಬದಿಗೆ ಅನುಮಾನ ಬಂದಿತ್ತು. ಕೇಳುವ ಎದೆಗಾರಿಕೆ ಇರಲಿಲ್ಲ. ಹುಚ್ಚು ಅಂದುಬಿಡುವುದು ಸುಲಭವಾಗಿತ್ತು.

"ನನಗೆ ಹೇಳಿದ್ದು ಸಾಲದು," ಎಂದಳು ಅವಳು. "ಅಲ್ಲಿ ನಿಂತಿದಾರಲ್ಲ, ಅವರಿಗೂ ಹೇಳಿ."

ಹೇಳಿದ. ಪೆಟ್ಟಿಗೆಯ ಪಕ್ಕ ನಿಂತು, ನಾಲ್ಕೈದು ಮಾತಿನಲ್ಲಿ. ಮಕ್ಕಳು ಚಕ್ರದಜ್ಜ ಅಂದಿದ್ದವನು ಮೂವತ್ತು ವರ್ಷ ತನ್ನ ತಪ್ಪು ಹೊತ್ತು ತಿರುಗಿದ ಎಂದ. ಪೇಂಟು ಶಾಪಿನವನು ನೆಲ ನೋಡುತ್ತ, "ಆ ತಿಂಗಳು ನಾನೂ ಒಂದು..." ಎಂದು ಶುರುಮಾಡಿದ. ಅವನ ಪಕ್ಕದಲ್ಲಿದ್ದ, ಬ್ರೇಕು ಜೋಡಿಸುತ್ತಿದ್ದವನು ಮುಖ ಆಚೆ ತಿರುಗಿಸಿಕೊಂಡ.

ವ್ಯಾನು ಬಂತು. ಪೆಟ್ಟಿಗೆಯನ್ನು ಒಳಗೆ ಸರಿಸಿ ಬಾಗಿಲು ಹಾಕಿದರು. ಎಡಬದಿ ವ್ಯಾನಿನ ಎಡಗಡೆಗೆ ಹೋಗಿ, ಗೋಡೆಗೆ ಕೈಯೂರಿಕೊಂಡು, ಹಿಂದಿನ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಂದೊಂದೇ ನಟ್ಟನ್ನು ಹಿಡಿದು ತಿರುಗಿಸಿ ನೋಡಿದ. ಐದೂ ಬಿಗಿಯಾಗಿದ್ದವು. ಎದ್ದು, ವ್ಯಾನಿನ ಮೈಗೆ ಅಂಗೈಯಿಂದ ಎರಡು ಸಲ ತಟ್ಟಿದ.

ಡ್ರೈವರು ಎಂಜಿನ್ ಚಾಲೂ ಮಾಡಿದ.

"ತಡೀಪ್ಪ," ಎಂದ ಎಡಬದಿ.

"ಇನ್ನು ಯಾರು ಬರ್ಬೇಕು?"

ಬಲಗಡೆಯಲ್ಲಿ ಮಗಳು ನಿಂತಿದ್ದಳು. ಅವಳ ಎರಡೂ ಕೈಗಳು ನೋಟ್‌ಪುಸ್ತಕವನ್ನು ಎದೆಗವಚಿ ಹಿಡಿದಿದ್ದವು. ಅವನು ಅಂಗೈಯನ್ನು ತಗಡಿನ ಮೇಲೆ ಹಾಗೇ ಇಟ್ಟುಕೊಂಡು, ಆಚೆಯ ಕಡೆಗೆ ಕಿವಿಗೊಟ್ಟು ನಿಂತೇ ಇದ್ದ.