ಬಾತುಕೋಳಿಗಳಿಗೆ ಹನ್ನೆರಡು ನಿಮಿಷ

“ಆ ನಾಬ್ ಮುಟ್ಟಬೇಡಿ ಅತ್ತಿಗೆ,” ಎಂದಳು ನಾದಿನಿ. ಹೀಗೆ ಹೇಳಿದ್ದು ಮೂರನೆಯ ಸಲ.

ಅತ್ತಿಗೆ ಮುಟ್ಟಿದಳು. ಊಟದ ಮೇಜಿನ ಮೇಲಿದ್ದ ಪೆಟ್ಟಿಗೆಯ ಬಲತುದಿಯ ನಾಬನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು. ತಾಳ ನಿಧಾನವಾಯಿತು. ಅದರ ಬೆನ್ನಿಗೇ ಟ್ಯಾಬಿನೊಳಗಿನ ರಾಗ ಬಟ್ಟೆ ಹರಿದಂಥ ಸದ್ದು ಮಾಡಿ ನಿಂತಿತು.

“ನೋಡಿದ್ರಾ? ನಾನು ಹಾಡಿ ತುಂಬಿಸಿರೋದು ಒಂದೇ ವೇಗಕ್ಕೆ. ನೀವು ಮಧ್ಯದಲ್ಲಿ ಎಳೆದ್ರೆ ಅದು ಒಡೆಯುತ್ತೆ.”

“ಮಕ್ಕಳು ನಿಧಾನ ಆದ್ರೆ ಏನು ಮಾಡ್ಲಿ? ಆರು ವರ್ಷದವು ಕಣೇ. ಅವಕ್ಕೆ ನಿನ್ನ ವೇಗ ಗೊತ್ತಾ?”

ಅಂಗಡಿಯವನು ಆ ಪೆಟ್ಟಿಗೆಯನ್ನು ಗ್ರೂವ್‌ಬಾಕ್ಸ್ ಎಂದಿದ್ದ. ಮನೆಯಲ್ಲಿ ಅದು ಮೊದಲ ದಿನವೇ ಬರಿಯ ಪೆಟ್ಟಿಗೆಯಾಯಿತು. ದಪ್ಪ ಪುಸ್ತಕದಷ್ಟು ಅಗಲ, ಮೇಲೆ ಹದಿನಾರು ಮೆತ್ತನೆಯ ಚೌಕಗಳು. ಒಂದೊಂದನ್ನು ಒತ್ತಿದರೆ ಒಂದೊಂದು ಬಗೆಯ ಪೆಟ್ಟು. ಒತ್ತಿದ್ದನ್ನು ನೆನಪಿಟ್ಟುಕೊಂಡು ಸಾಕೆನ್ನುವವರೆಗೆ ಬಾರಿಸುತ್ತಲೇ ಇರುತ್ತದೆ. ಅತ್ತಿಗೆ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದವಳು. ಬೆರಳಿಗೆ ಕೆಲಸವಿಲ್ಲದಿದ್ದರೆ ಮೇಜು ಕುಟ್ಟುವ ಚಾಳಿ ಅವಳಿಗೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ತನಗೆಂದು ತಾನೇ ಕೊಂಡುಕೊಂಡ ಮೊದಲ ವಸ್ತು ಆ ಪೆಟ್ಟಿಗೆ.

ನಾದಿನಿ ಎರಡು ವರ್ಷದ ಹಿಂದೆ, ಮದುವೆ ಮುರಿದ ಮೇಲೆ, ಎರಡು ಸೂಟ್‌ಕೇಸು ಮತ್ತು ಒಂದು ಟ್ಯಾಬ್ ಹಿಡಿದು ಅಣ್ಣನ ಮನೆಗೆ ಬಂದವಳು. ಹಗಲು ಹಲ್ಲಿನ ಡಾಕ್ಟರ ಬಳಿ ಫೋನ್ ಎತ್ತುವ ಕೆಲಸ, ಸಂಜೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟ್ಯಾಬಿನ ಆ್ಯಪುಗಳಲ್ಲಿ ರಾಗ ಕೂಡಿಸುವ ಕೆಲಸ. ಮೊದಲ ಆರು ತಿಂಗಳು ಇಬ್ಬರ ನಡುವೆ “ಊಟ ಆಯ್ತಾ,” “ಆಯ್ತು” ಬಿಟ್ಟರೆ ಮಾತಿರಲಿಲ್ಲ. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎನ್ನುವವರಿಗೆ ಬೇರೆ ಸಾಕ್ಷಿಯೇ ಬೇಕಿರಲಿಲ್ಲ. ಆಮೇಲೆ ಒಂದು ದಿನ ನಾದಿನಿ ಎಲ್ಲಿಂದಲೋ ಒಂದು ಕೇಬಲ್ ತಂದು ಪೆಟ್ಟಿಗೆಗೂ ಟ್ಯಾಬಿಗೂ ಗಂಟು ಹಾಕಿದಳು. ಪೆಟ್ಟಿಗೆ ತಾಳ ಹಾಕಿತು, ಟ್ಯಾಬ್ ಅದರ ಜೊತೆಗೇ ಹಾಡಿತು. ಅವತ್ತು ಒಲೆಯ ಮೇಲಿದ್ದ ಹಾಲು ಉಕ್ಕಿ ನೆಲಕ್ಕಿಳಿದಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಆ ಕೇಬಲಿಗೆ ಒಂದು ಕಟ್ಟಳೆಯಿದೆ. ಒಂದು ಯಂತ್ರ ಮುಂದೆ ನಡೆಯಬೇಕು, ಇನ್ನೊಂದು ಅದರ ಹಿಂದೆ ಬರಬೇಕು. ಯಾವುದು ಮುಂದೆ, ಯಾವುದು ಹಿಂದೆ ಎಂದು ಎರಡಕ್ಕೂ ಮೊದಲೇ ಹೇಳಿಟ್ಟಿರಬೇಕು. ಎರಡೂ ಮುಂದಾದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಕಥೆ. ಇಷ್ಟು ದಿನ ಪೆಟ್ಟಿಗೆಯೇ ಮುಂದಿತ್ತು. ನುಡಿಸಿದ್ದೆಲ್ಲ ಮನೆಯ ಗೋಡೆಗಳಿಗೆ ಮಾತ್ರವಾದ್ದರಿಂದ ಯಾರೂ ತಕರಾರು ತೆಗೆದಿರಲಿಲ್ಲ.

ಈಗ ಸಂಗತಿ ಬೇರೆ. ಕನ್ನಡಕ ಮಾಡಿಸಲು ಬಂದ ಡ್ಯಾನ್ಸ್ ಟೀಚರ್, ಅತ್ತಿಗೆ ಕೌಂಟರಿನ ಮೇಲೆ ಕುಟ್ಟುವುದನ್ನು ಕೇಳಿ, ಮಾತಿಗೆ ಮಾತು ಬೆಳೆದು, ಮನೆಗೇ ಬಂದು ಇಬ್ಬರ ಸಂಗೀತ ಕೇಳಿಕೊಂಡು ಹೋಗಿದ್ದರು. ನಾಳೆ ಶನಿವಾರ ಅವರ ಶಾಲೆಯ ಪುಟ್ಟ ಮಕ್ಕಳ ಬಾತುಕೋಳಿ ನೃತ್ಯ. ಹನ್ನೆರಡು ನಿಮಿಷಕ್ಕೆ ಸಂಗೀತ ಇವರದು. ಚೆನ್ನಾದರೆ ವಾರವಾರ ಕ್ಲಾಸಿಗೆ ನುಡಿಸಲು ಬರಬೇಕು, ಇಬ್ಬರೂ.

“ನಾಳೆ ಟ್ಯಾಬ್ ಮುಂದೆ ಇರ್ಲಿ,” ಎಂದಳು ನಾದಿನಿ. “ಹಾಡು ಅದರಲ್ಲಿದೆ. ಪೆಟ್ಟಿಗೆ ಕುಟ್ಟೋದು ಯಾರಿಗಾದ್ರೂ ಬರುತ್ತೆ. ಹಾಡು ಮಾಡಿದ್ದು ನಾನು.”

“ಯಾರ ಮನೆ ಮೇಜಿನ ಮೇಲೆ ಕೂತು ಮಾಡಿದೆ ಅನ್ನೋದು ನೆನಪಿರ್ಲಿ.”

ಆಡಿದ ಮೇಲೆ ಅತ್ತಿಗೆಗೇ ಆ ಮಾತು ಕೇಳಿಸಿತು. ಬಾಗಿಲ ಬಳಿ ಶೂ ಬಿಚ್ಚುತ್ತಿದ್ದ ಗಂಡ ತಲೆಯೆತ್ತಿದ. ಲಿಫ್ಟ್ ರಿಪೇರಿಯವನು ಅವನು. ಮನೆಯೊಳಗೆ ಏನೇ ನಡೆದರೂ ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. “ಇಬ್ಬರು ಹೇಳೋದೂ ಸರಿನೇ ಇದೆ ಅನ್ಸುತ್ತೆ,” ಎಂದು ಬಿಚ್ಚಿದ ಶೂವನ್ನೇ ಮತ್ತೆ ಹಾಕಿಕೊಂಡು ಹೊರಗೆ ಹೋದ.

ನಾದಿನಿ ಕೇಬಲ್ ಕಿತ್ತು, ಸುತ್ತಿ, ಟ್ಯಾಬ್ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಧಡಾರನೆ ಹಾಕಿದ್ದರೇ ಚೆನ್ನಾಗಿತ್ತು.

ಬೆಳಿಗ್ಗೆ ಗಂಡ ಹಲ್ಲುಜ್ಜುತ್ತ, ಕನ್ನಡಿಗೆ ಹೇಳುವವನ ಹಾಗೆ ಹೇಳಿದ: “ಅವಳು ಒಂದು ಬಾಡಿಗೆ ರೂಮು ನೋಡಿದಾಳಂತೆ. ನಾಳೆ ಭಾನುವಾರ ಹೋಗಿ ಮಾತಾಡಿ ಬರ್ತಾಳಂತೆ. ನನ್ನನ್ನೂ ಬಾ ಅಂದ್ಲು.”

“ಯಾಕಂತೆ?”

“ನನ್ನನ್ನ ಕೇಳ್ತೀಯಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂಗಡಿಯಲ್ಲಿ ಗಾಜಿಗೆ ಗೀರು ಬಿದ್ದರೆ ಅತ್ತಿಗೆ ಅದನ್ನು ಬುಟ್ಟಿಗೆ ಎಸೆದು ಹೊಸದನ್ನು ಉಜ್ಜುತ್ತಿದ್ದಳು. ಇಲ್ಲಿ ಹೊಸದು ಎಲ್ಲಿಂದ ತರುವುದು? ಅವಳಿಗೆ ಅಳು ಬಂತು, ಬಂದ ಅಳುವಿನ ಮೇಲೆ ಸಿಟ್ಟೂ ಬಂತು. ಆ ಹುಡುಗಿ ಹೋಗಿಬಿಟ್ಟರೆ ಸಂಜೆಗಳನ್ನು ಏನು ಮಾಡುವುದು ಎಂಬುದೇ ಅವಳಿಗೆ ತಿಳಿಯಲಿಲ್ಲ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವುದು ಹುಟ್ಟಿದಾಗಿನಿಂದ ಬಾರದ ವಿದ್ಯೆ. ಗಂಡನ ಜೊತೆ ಜಗಳವಾದರೆ ಅವನ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿಡುತ್ತಿದ್ದಳು. ಅವನು ಅರ್ಥ ಮಾಡಿಕೊಳ್ಳುತ್ತಿದ್ದ.

ನಾದಿನಿ ಸ್ನಾನಕ್ಕೆ ಹೋದಾಗ ಅತ್ತಿಗೆ ಪೆಟ್ಟಿಗೆ ತೆರೆದು ಕೂತಳು. ಒಂದರೊಳಗೊಂದು ಪಟ್ಟಿಗಳನ್ನು ದಾಟಿ, ಎರಡು ಸಲ ದಾರಿ ತಪ್ಪಿ, ಕೊನೆಗೆ ಅದನ್ನು ಮುಂದಿನಿಂದ ಹಿಂದಕ್ಕೆ ಹಾಕಿದಳು. ಇನ್ನು ಪೆಟ್ಟಿಗೆ ತಾನಾಗಿ ಹೊರಡುವುದಿಲ್ಲ. ನಾದಿನಿ ಹೇಗೂ ಟ್ಯಾಬನ್ನು ಮುಂದೆ ಹಾಕಿರುತ್ತಾಳೆ, ಅದು ಹೊರಟರೆ ಇದು ಅದರ ಬೆನ್ನು ಹಿಡಿಯುತ್ತದೆ. ನಾಬ್ ತಿರುಗಿಸಿದರೂ ಏನೂ ಆಗುವುದಿಲ್ಲ. ಅವಳ ಮಟ್ಟಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಮುಚ್ಚಳ ಹಾಕಿ ಚೀಲಕ್ಕಿಟ್ಟಳು. ಯಾರಿಗೂ ಹೇಳಲಿಲ್ಲ. ವೇದಿಕೆಯ ಮೇಲೆ ನಾದಿನಿಗೆ ತಾನಾಗಿ ಗೊತ್ತಾಗಲಿ ಎಂದುಕೊಂಡಳು.

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಕಿಟಕಿಯ ಪಕ್ಕ ಕೂತರು. ಸಭಾಂಗಣದಲ್ಲಿ ಮೈಕಿನವನು, “ಒಬ್ಬೊಬ್ಬರಾಗಿ ಸೌಂಡ್ ಕೊಡಿ,” ಎಂದ. ಅತ್ತಿಗೆ ಬೆರಳಿನಿಂದ ಚೌಕಗಳನ್ನು ನಾಲ್ಕು ಸಲ ತಟ್ಟಿದಳು. ನಾದಿನಿ ಟ್ಯಾಬಿನ ಗಾಜಿನ ಮೇಲಿನ ಸ್ವರದ ಮನೆಗಳನ್ನು ಒತ್ತಿದಳು. ಎರಡೂ ಚೆನ್ನಾಗಿ ಕೇಳಿಸಿದವು. ಅವನು ಹೆಬ್ಬೆರಳೆತ್ತಿದ. ನಾದಿನಿ ಎರಡಕ್ಕೂ ಕೇಬಲ್ ಸಿಕ್ಕಿಸಿದಳು. ಒಂದು ಸಲ ಜೊತೆಯಾಗಿ ನುಡಿಸಿ ನೋಡಬೇಕಿತ್ತು. ಅದಕ್ಕೆ ಒಬ್ಬರು ಇನ್ನೊಬ್ಬರನ್ನು ಕರೆಯಬೇಕಿತ್ತಲ್ಲ.

ಪರದೆ ಸರಿಯಿತು. ಹದಿನಾಲ್ಕು ಬಾತುಕೋಳಿಗಳು ಹಳದಿ ಕಾಗದದ ರೆಕ್ಕೆಗಳನ್ನು ಎರಡೂ ಪಕ್ಕ ಎತ್ತಿ ನಿಂತಿದ್ದವು. ಅಪ್ಪ ಅಮ್ಮಂದಿರು ಫೋನುಗಳನ್ನು ಎತ್ತಿ ಹಿಡಿದರು. ವೇದಿಕೆಯ ಎಡಮೂಲೆಯ ಮೇಜಿನ ಹಿಂದೆ ಅತ್ತಿಗೆ ಟ್ಯಾಬ್ ಹೊರಡಲೆಂದು ಕಾದಳು.

ಏನೂ ಆಗಲಿಲ್ಲ.

ಅವಳು ನಾದಿನಿಯತ್ತ ನೋಡಿದಳು. ನಾದಿನಿ ಇವಳತ್ತಲೇ ನೋಡುತ್ತಿದ್ದಳು. ಅತ್ತಿಗೆ ಗಲ್ಲದಿಂದ ಸನ್ನೆ ಮಾಡಿದಳು, ಹೊರಡು ಎಂದು. ನಾದಿನಿಯೂ ಗಲ್ಲದಿಂದ ಅದೇ ಸನ್ನೆ ಮಾಡಿದಳು. ಅತ್ತಿಗೆ ಗಾಬರಿಯಿಂದ ಪೆಟ್ಟಿಗೆಯ ಗುಂಡಿ ಒತ್ತಿದಳು. ಹಸಿರು ದೀಪ ಮಿಟುಕಿಸುತ್ತ ಕೂತಿತು. ನಾದಿನಿ ಟ್ಯಾಬನ್ನು ಒತ್ತಿದಳು, ಅದೂ ಸುಮ್ಮನಿತ್ತು. ಸಭೆಯಲ್ಲಿ ಯಾರೋ ಕೆಮ್ಮಿದರು. ಒಂದು ಬಾತುಕೋಳಿ ಕೈ ನೋವೆಂದು ಒಂದು ರೆಕ್ಕೆ ಇಳಿಸಿತು. ಪಕ್ಕದ ಪರದೆಯ ಮರೆಯಿಂದ ಡ್ಯಾನ್ಸ್ ಟೀಚರ ಕಣ್ಣು ಇವರನ್ನೇ ಸುಡುತ್ತಿತ್ತು.

“ಶುರು ಮಾಡೇ,” ಎಂದು ಅತ್ತಿಗೆ ಪಿಸುಗುಟ್ಟಿದಳು.

“ನೀವು ಮಾಡಿ ಅತ್ತಿಗೆ. ನೀವೇ ತಾನೆ ಮುಂದೆ.”

“ನಾನೆಲ್ಲಿ ಮುಂದೆ? ಪೆಟ್ಟಿಗೆನ ಬೆಳಿಗ್ಗೆನೇ ನಿನ್ನ ಹಿಂದೆ ಹಾಕಿದೀನಿ.”

“ನಾನೂ ಟ್ಯಾಬನ್ನ ನಿಮ್ಮ ಹಿಂದೆನೇ ಬಿಟ್ಟಿದ್ನಲ್ಲ, ಮುಂದೆ ಹಾಕ್ಲೇ ಇಲ್ಲ,” ಎಂದಳು ನಾದಿನಿ. “ನೀವು ಹೇಳಿದ್ದು ಸರಿ ಅನ್ನಿಸ್ತು. ಮಕ್ಕಳ ಕಾಲು ನೋಡೋರು ನೀವು.”

ಹದಿನಾಲ್ಕು ಬಾತುಕೋಳಿಗಳು, ಇನ್ನೂರು ಜನ, ಉರಿಯುವ ದೀಪಗಳು, ಇದೆಲ್ಲದರ ನಡುವೆ ಬಾರದ ವಿದ್ಯೆ ತಾನಾಗಿ ಅತ್ತಿಗೆಯ ಬಾಯಿಗೆ ಬಂತು. “ನಿನ್ನೆ ಆ ಮಾತು ಆಡಬಾರದಿತ್ತು ನಾನು. ತಪ್ಪಾಯ್ತು.”

“ಅತ್ತಿಗೆ, ಬಾತುಕೋಳಿಗಳು ಕಾಯ್ತಾ ಇವೆ.”

ಪಟ್ಟಿಗಳನ್ನು ದಾಟಿ ಎಲ್ಲವನ್ನೂ ತಿರುಗಿ ಹೊಂದಿಸಲು ಸಮಯವಿರಲಿಲ್ಲ. “ಕೇಬಲ್ ಕಿತ್ತುಬಿಡು,” ಎಂದಳು ಅತ್ತಿಗೆ. “ನಾನು ಕೈಯಲ್ಲೇ ಹೊಡೀತೀನಿ. ನೀನು ಹಾಡು.”

“ಇಷ್ಟು ಜನದ ಮುಂದೆನಾ?”

“ಇಲ್ಲ, ಅವರನ್ನೆಲ್ಲ ಎದ್ದು ಹೋಗಿ ಅಂತೀನಿ.”

ನಾದಿನಿಗೆ ನಗು ಬಂದುಬಿಟ್ಟಿತು. ಆ ನಗುವಿನಲ್ಲೇ ಕೇಬಲ್ ಕಿತ್ತಳು, ನಿರೂಪಕಿ ಬಿಟ್ಟುಹೋಗಿದ್ದ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಅತ್ತಿಗೆಯ ಹತ್ತು ಬೆರಳೂ ಚೌಕಗಳ ಮೇಲಿಳಿದವು. ಮೊದಲ ನಾಲ್ಕು ಪೆಟ್ಟು ಸೊಟ್ಟಗೆ ಬಿದ್ದವು, ಐದನೆಯದು ನೆಟ್ಟಗೆ ಬಿತ್ತು. ಬಾತುಕೋಳಿಗಳು ಹೊರಟವು. ನಾದಿನಿ ಒಂದು ಕೈಯಲ್ಲಿ ಗಾಜಿನ ಮೇಲೆ ಸ್ವರ ಹಿಡಿದು, ಮಾತಿಲ್ಲದ ರಾಗವನ್ನು ಮೆಲ್ಲಗೆ, ಆಮೇಲೆ ಅಷ್ಟೇನೂ ಮೆಲ್ಲಗಲ್ಲದೆ, ಹಾಡತೊಡಗಿದಳು. ಎರಡು ಕಡೆ ಅವಳ ಸ್ವರ ನಡುಗಿತು. ಒಂದು ಕಡೆ ಅತ್ತಿಗೆ ಡೊಳ್ಳಿನ ಪೆಟ್ಟು ಹಾಕಬೇಕಾದಲ್ಲಿ ಗಂಟೆ ಬಾರಿಸಿದಳು. ಮಕ್ಕಳು ಅದಕ್ಕೂ ಒಂದು ಸುತ್ತು ಕುಣಿದರು. ಏಳನೆಯ ನಿಮಿಷದಲ್ಲಿ ಕೊನೆಯ ಸಾಲಿನ ಬಾತುಕೋಳಿ ಬಿಚ್ಚಿಹೋದ ಶೂ ಕಟ್ಟಲು ನಡುವೇದಿಕೆಯಲ್ಲೇ ಕುಕ್ಕರಗಾಲಲ್ಲಿ ಕೂತಿತು. ಅತ್ತಿಗೆ ಅದರ ಬೆರಳುಗಳನ್ನು ನೋಡುತ್ತ ತಾಳವನ್ನು ಒಂದೊಂದೇ ಪೆಟ್ಟಿನಷ್ಟಕ್ಕೆ ಇಳಿಸಿದಳು. ನಾದಿನಿ ಅತ್ತಿಗೆಯ ಬೆರಳು ನೋಡುತ್ತ, ಹಿಡಿದ ಸ್ವರವನ್ನು ಬಿಡದೆ ಎಳೆದಳು. ಗಂಟು ಬಿತ್ತು, ಬಾತುಕೋಳಿ ಎದ್ದಿತು, ಎಲ್ಲವೂ ಒಟ್ಟಿಗೆ ಮುಂದುವರಿಯಿತು. ಸಭೆ ಅಲ್ಲೇ ಚಪ್ಪಾಳೆ ತಟ್ಟಿತು.

ಮುಗಿದ ಮೇಲೆ ಡ್ಯಾನ್ಸ್ ಟೀಚರ್ ಓಡಿಬಂದರು. “ಮೊದಲು ಎದೆ ಒಡೆದುಹೋಯ್ತು ನನಗೆ. ಅದೇನು ಮೌನ, ಬೇಕಂತಲೇ ಇಟ್ಟಿದ್ರಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಹೂಂ,” ಎಂದಳು ಅತ್ತಿಗೆ.

“ವಾರವಾರ ಬರಬೇಕು ನೀವು. ನಾಳೆನೇ ಮನೆಗೆ ಬಂದು ಎಲ್ಲ ಮಾತಾಡ್ತೀನಿ. ಅವತ್ತು ನಿಮ್ಮ ಜೊತೆ ಬಂದಿದ್ದಕ್ಕೆ ದಾರಿ ನೋಡ್ಕೊಳ್ಳಲಿಲ್ಲ, ವಿಳಾಸ ಬರೆಸಿ. ಭಾನುವಾರ ಇರ್ತೀರಲ್ಲ?”

ಬಾಡಿಗೆ ರೂಮಿನ ನೆನಪಾಗಿ ಅತ್ತಿಗೆ ನಾದಿನಿಯತ್ತ ನೋಡಿದಳು. ಟೀಚರ ಕೈಯಲ್ಲಿ ಪೆನ್ನಿತ್ತು, ಕಾಗದವಿರಲಿಲ್ಲ. ನೆಲದ ಮೇಲೆ ಕಿತ್ತುಬಿದ್ದಿದ್ದ ಒಂದು ಹಳದಿ ರೆಕ್ಕೆಯನ್ನು ಎತ್ತಿ ಅವರು ಮೇಜಿನ ಮೇಲಿಟ್ಟರು.

“ಬರ್ಕೊಳ್ಳಿ,” ಎಂದಳು ನಾದಿನಿ. “ಅಂಚೆ ಕಚೇರಿ ಹಿಂದಿನ ಬೀದಿ, ಮೂವತ್ತೊಂದನೇ ನಂಬರು, ಮೂರನೇ ಮಹಡಿ. ಲಿಫ್ಟ್ ನಂಬಬೇಡಿ. ನಮ್ಮಣ್ಣ ಊರಿನ ಲಿಫ್ಟೆಲ್ಲ ಸರಿ ಮಾಡ್ತಾನೆ, ಅದೊಂದನ್ನ ಬಿಟ್ಟು. ಬೆಲ್ ಕೆಟ್ಟಿದೆ, ಪಕ್ಕದಲ್ಲಿ ಅಡುಗೆಮನೆ ಕಿಟಕಿ ಇದೆ, ಅದನ್ನ ತಟ್ಟಿ. ಭಾನುವಾರ ನಾವಿಬ್ಬರೂ ಮನೇಲೇ ಇರ್ತೀವಿ.”

ರೆಕ್ಕೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಟೀಚರ್ ಬರೆದು ಮುಗಿಸುವವರೆಗೆ ಅತ್ತಿಗೆ ಅದರ ಎರಡೂ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಳು.