ಜಾಲರಿಗೆ ಹಿಡಿದ ಕರವಸ್ತ್ರ

ಒಂದೇ ವಾರದಲ್ಲಿ ಮೂರನೇ ಸಲ ಎಂಜಿನ್ ಕುದಿದು ಟ್ಯಾಕ್ಸಿ ನಿಂತಾಗ ಅದನ್ನು ಓಡಿಸುವ ಅತ್ತಿಗೆಯ ಪಿತ್ತ ನೆತ್ತಿಗೇರಿತು. ಹೋದ ವಾರ ಎಂಜಿನ್ ತಣಿಸುವ ಹೊಸ ಫ್ಯಾನ್ ಹಾಕಿಕೊಟ್ಟಿದ್ದ ಮೆಕ್ಯಾನಿಕ್ ಮೈದುನ ಮಾತ್ರ, "ಗಾಡಿದೇನೂ ತಪ್ಪಿಲ್ಲ ಅತ್ತಿಗೆ, ನಿಮಗೆ ಓಡಿಸೋಕೆ ಬರಲ್ಲ. ಕೀಲಿ ನನಗೆ ಕೊಟ್ಟು ಮನೇಲಿರಿ," ಎಂದ.

"ಹನ್ನೊಂದು ವರ್ಷ ಬಂದಿದ್ದು ಈ ವಾರ ಮರೆತುಹೋಯ್ತಾ?"

ಅವಳು ಎಂಜಿನ್ ಚಾಲೂ ಮಾಡಿ, ಫ್ಯಾನ್ ತಿರುಗಿದ ಮೇಲೆ ಮುಂದಿನ ಜಾಲರಿಗೆ ಕರವಸ್ತ್ರ ಹಿಡಿದಳು. ಫ್ಯಾನ್ ಗಾಳಿಯನ್ನು ಒಳಗೆಳೆದಿದ್ದರೆ ಬಟ್ಟೆ ಅಲ್ಲೇ ಅಂಟಬೇಕಿತ್ತು. ಅದು ಹಾರಿ ಮೈದುನನ ಮುಖಕ್ಕೇ ಬಡಿಯಿತು.

"ವೈರು ಅದಲುಬದಲು ಮಾಡಿ ಫ್ಯಾನ್ ಉಲ್ಟಾ ತಿರುಗಿಸಿದ್ದೀಯ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ನನ್ನನ್ನೇ ಡೊಂಕು ಅಂದೆಯಲ್ಲೋ!"

ಮೈದುನ ಸ್ಪ್ಯಾನರ್‌ಗೆ ಕೈಚಾಚಿದ. ಅವಳು ಎಂಜಿನ್ ಆರಿಸಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಮುಟ್ಟಬೇಡ. ಸರಿಮಾಡೋಳು ನಾನು, ನೀನು ಟಾರ್ಚ್ ಹಿಡಿ."